‘ನಾರ್ತ್ ಅಂಡ್ ಸೌತ್’ ಮರುಮುದ್ರಣ: ಪಠ್ಯ ಇಡಿಯಾಗಿದೆ, ನೆರವು ಸಾಲದು

ಎಲಿಜಬೆತ್ ಗ್ಯಾಸ್ಕೆಲ್ ಅವರ ‘ನಾರ್ತ್ ಅಂಡ್ ಸೌತ್’ ಕಾದಂಬರಿಯ ಮರುಮುದ್ರಣವೊಂದು ಈಗ ಮುನ್ನೂರು ರೂಪಾಯಿಯೊಳಗೆ ಸಿಗುತ್ತಿದೆ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾದಂಬರಿಗಳನ್ನು ಸಾಲಾಗಿ ಅಗ್ಗದ ಬೆಲೆಗೆ ಅಚ್ಚು ಹಾಕುವ ಪ್ರಕಾಶನದ ಪುಸ್ತಕವಿದು. ಹೊದಿಕೆಯ ಮೇಲೆ ಗುಲಾಬಿ ಬಳ್ಳಿಯ ಕೆಳಗೆ ನಿಂತ ತರುಣಿಯ ಚಿತ್ರವಿದೆ. ಬೆನ್ನ ಮೇಲಿನ ಪರಿಚಯದ ಸಾಲುಗಳು ಇದನ್ನು ಸ್ವಾಭಿಮಾನಿ ಹೆಣ್ಣು ಮತ್ತು ಬಿಗುಮಾನದ ಗಿರಣಿ ಮಾಲೀಕನ ಪ್ರೇಮಕಥೆಯೆಂದು ಮಾರುತ್ತವೆ. ಕಥೆಯಲ್ಲಿ ಗುಲಾಬಿಯೂ ಇದೆ, ಪ್ರೇಮವೂ ಇದೆ, ಸುಳ್ಳೇನಿಲ್ಲ. ಆದರೆ 52 ಅಧ್ಯಾಯಗಳ ಬಹುಪಾಲು ನಡೆಯುವುದು ಹೊಗೆ ಕವಿದ ಹತ್ತಿ ಗಿರಣಿಗಳ ಊರಿನಲ್ಲಿ. ಅಲ್ಲಿ ಮುಷ್ಕರ, ಕೂಲಿ, ಸಾಲ, ಕಾಯಿಲೆ ಮತ್ತು ಸಾವುಗಳೇ ಪ್ರೇಮಕ್ಕಿಂತ ಹೆಚ್ಚು ಪುಟಗಳನ್ನು ಆಕ್ರಮಿಸುತ್ತವೆ. ಹೊದಿಕೆ ನೋಡಿ ಕೊಂಡವರಿಗೆ ನಿರಾಸೆಯಾಗಬಹುದು, ಹೊದಿಕೆ ನೋಡಿ ಬಿಟ್ಟವರಿಗೆ ನಷ್ಟವಾಗುವುದು ಖಂಡಿತ.

ಈ ಕಾದಂಬರಿ ಮೊದಲು ಬಂದದ್ದು ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ, 1854ರ ಸೆಪ್ಟೆಂಬರಿನಿಂದ 1855ರ ಜನವರಿಯವರೆಗೆ ಧಾರಾವಾಹಿಯಾಗಿ. ಉತ್ತರ ಇಂಗ್ಲೆಂಡಿನ ಲ್ಯಾಂಕಶೈರಿನ ಪ್ರೆಸ್ಟನ್ ಪಟ್ಟಣದ ಗಿರಣಿಗಳಲ್ಲಿ ಶೇಕಡಾ 10ರಷ್ಟು ಕೂಲಿ ಹೆಚ್ಚಳಕ್ಕಾಗಿ 1853ರಲ್ಲಿ ಎದ್ದ ಜಗಳ ಮಾಲೀಕರ ಲಾಕೌಟ್‌ಗೆ ತಿರುಗಿ, ಮರುವರ್ಷ ಕಾರ್ಮಿಕರ ಸೋಲಿನಲ್ಲಿ ಮುಗಿದಿತ್ತು. ಆ ಬಿಸಿ ಆರುವ ಮೊದಲೇ ಬರೆದ ಕಥೆಯಿದು. ಗ್ಯಾಸ್ಕೆಲ್ ಅವರಿಗೆ ಇದು ಕೇಳಿ ತಿಳಿದ ವಿಷಯವಾಗಿರಲಿಲ್ಲ. ಯುನಿಟೇರಿಯನ್ ಎಂಬ ಕ್ರೈಸ್ತ ಪಂಥದ ಪಾದ್ರಿಯೊಬ್ಬರನ್ನು 1832ರಲ್ಲಿ ಮದುವೆಯಾಗಿ ಮ್ಯಾಂಚೆಸ್ಟರಿಗೆ ಬಂದವರು ಕೊನೆಯವರೆಗೂ ಅಲ್ಲಿಯೇ ಬಾಳಿದರು, ಕಾರ್ಮಿಕರ ಮನೆಗಳ ಒಳಹೊರಗನ್ನು ಬಲ್ಲವರಾಗಿದ್ದರು. ಅವರ 1848ರ ಕಾದಂಬರಿ ‘ಮೇರಿ ಬಾರ್ಟನ್’ ಕಾರ್ಮಿಕರ ಪರವಾಗಿಯೇ ಮಾತಾಡಿತೆಂದು ಗಿರಣಿ ಮಾಲೀಕರು ಮುನಿಸಿಕೊಂಡಿದ್ದರು; ಇಲ್ಲಿ ಮಾಲೀಕನನ್ನೇ ನಾಯಕನ ಸ್ಥಾನದಲ್ಲಿ ಕೂರಿಸಿದ್ದಾರೆ. ಹಾಗೆಂದು ಅವನಿಗೆ ರಿಯಾಯಿತಿ ತೋರಿಸಿಲ್ಲ.

ದಕ್ಷಿಣ ಇಂಗ್ಲೆಂಡಿನ ಹೆಲ್‌ಸ್ಟನ್ ಎಂಬ ಕಾಡಂಚಿನ ಹಳ್ಳಿಯ ಪಾದ್ರಿ ಹೇಲ್, ಚರ್ಚಿನ ತತ್ವಗಳಲ್ಲಿ ಸಂಶಯ ಹುಟ್ಟಿತೆಂದು ಕೆಲಸ ಬಿಡುತ್ತಾನೆ. ಸಂಶಯ ಏನೆಂದು ಲೇಖಕಿ ಬಿಡಿಸಿ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಕಾಣುವುದಿಲ್ಲ. ಮುಖ್ಯವಾದದ್ದು ಅದರ ಮುಂದಿನ ಮಾತು: ಮನಸ್ಸಾಕ್ಷಿಗಾಗಿ ಇಷ್ಟು ದೊಡ್ಡ ತ್ಯಾಗ ಮಾಡಬಲ್ಲ ಮನುಷ್ಯನಿಗೆ ಆ ಸುದ್ದಿಯನ್ನು ಹೆಂಡತಿಗೆ ತಿಳಿಸುವ ಧೈರ್ಯವಿಲ್ಲ. ಆ ಕೆಲಸವನ್ನು ಹದಿಹರೆಯ ದಾಟುತ್ತಿರುವ ಮಗಳು ಮಾರ್ಗರೆಟ್‌ಗೆ ಒಪ್ಪಿಸುತ್ತಾನೆ. ಎರಡು ವಾರದಲ್ಲಿ ಊರು ಬಿಡಬೇಕು, ಸಾಮಾನು ಕಟ್ಟಬೇಕು, ಮಿಲ್ಟನ್ ಎಂಬ ಕಂಡರಿಯದ ಕೈಗಾರಿಕಾ ನಗರದಲ್ಲಿ ಬಾಡಿಗೆ ಮನೆ ಹುಡುಕಬೇಕು. ತಾಯಿ ಹಾಸಿಗೆ ಹಿಡಿಯುವವಳು, ತಂದೆ ನಿಟ್ಟುಸಿರು ಬಿಡುವವನು. ಮಾರ್ಗರೆಟ್ ಅಳುವುದು ರಾತ್ರಿಯಲ್ಲಿ, ಹಗಲಿಗೆ ಕೆಲಸವಿದೆ. ಇಡೀ ಕಾದಂಬರಿಯ ನಡೆಯೇ ಹೀಗೆ. ಇಲ್ಲಿ ಯಾರೂ ವಾದದಲ್ಲಿ ಸೋತು ಬದಲಾಗುವುದಿಲ್ಲ. ಯಾರಾದರೂ ಮಾಡಲೇಬೇಕಾದ ಕೆಲಸವೊಂದು ಎದುರಿಗೆ ನಿಂತಾಗ, ಅದನ್ನು ಮಾಡುತ್ತ ಮಾಡುತ್ತ ಬದಲಾಗುತ್ತಾರೆ. ಛಲ, ಸಹನೆ ಎಂದು ನಾವು ದೊಡ್ಡ ಮಾತುಗಳಲ್ಲಿ ಹೊಗಳುವುದನ್ನು ಗ್ಯಾಸ್ಕೆಲ್ ಇಸ್ತ್ರಿ ಪೆಟ್ಟಿಗೆ, ಮನೆ ಬಾಡಿಗೆ ಮತ್ತು ರೋಗಿಯ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ತೋರಿಸುತ್ತಾರೆ.

ಇಸ್ತ್ರಿಯ ಮಾತು ಸುಮ್ಮನೆ ಬಂದದ್ದಲ್ಲ. ತಂದೆಯ ಬಳಿ ಗ್ರೀಕ್ ಕಾವ್ಯ ಓದಲು ಬರುವ ಗಿರಣಿ ಮಾಲೀಕ ಜಾನ್ ಥಾರ್ನ್‌ಟನ್ ಚಹಾಕ್ಕೆ ಬರುತ್ತಾನೆಂದು ಮಾರ್ಗರೆಟ್ ಮಧ್ಯಾಹ್ನವಿಡೀ ನಿಂತು ಬಟ್ಟೆ ಇಸ್ತ್ರಿ ಮಾಡುತ್ತಾಳೆ, ಏಕೆಂದರೆ ಮಿಲ್ಟನ್ನಿನಲ್ಲಿ ಮನೆಗೆಲಸಕ್ಕೆ ಹುಡುಗಿಯರು ಸಿಗುವುದಿಲ್ಲ. ಗಿರಣಿಯಲ್ಲಿ ಕೂಲಿ ಹೆಚ್ಚು, ಸ್ವಾತಂತ್ರ್ಯವೂ ಹೆಚ್ಚು. ನೆಲ ತಿಕ್ಕಿದರೂ ಪಾತ್ರೆ ತೊಳೆದರೂ ತಾನು ಹುಟ್ಟಿ ಬೆಳೆದ ಮನೆತನಕ್ಕೆ ಕುಂದಿಲ್ಲವೆಂದು ತಾಯಿಗೆ ಹೇಳುವಾಗ ಅವಳಲ್ಲಿ ದುಡಿಮೆಯ ಒಪ್ಪಿಗೆಯೂ ಕುಲದ ಹಮ್ಮೂ ಒಟ್ಟಿಗೇ ಇವೆ. ಸಂಜೆಯ ಚಹಾದ ದೃಶ್ಯವನ್ನು ನಾನು ಈ ಕಾದಂಬರಿಯ ಅತಿ ಸೂಕ್ಷ್ಮ ಪುಟಗಳಲ್ಲಿ ಒಂದೆಂದು ಎಣಿಸುತ್ತೇನೆ. ಮಾರ್ಗರೆಟ್‌ಳ ತೋಳಿನ ಕಡಗ ಮತ್ತೆ ಮತ್ತೆ ಮಣಿಕಟ್ಟಿಗೆ ಜಾರುತ್ತದೆ, ಅವಳು ಅದನ್ನು ಸಿಡುಕಿನಿಂದ ಮೇಲಕ್ಕೆ ತಳ್ಳುತ್ತಾಳೆ, ಅದು ಚರ್ಮವನ್ನು ಬಿಗಿಯುತ್ತದೆ, ಸಡಿಲವಾಗುತ್ತದೆ, ಮತ್ತೆ ಜಾರುತ್ತದೆ. ಮಾತಿನ ಮಧ್ಯೆ ಥಾರ್ನ್‌ಟನ್‌ನ ಕಣ್ಣು ಅದರ ಮೇಲೆಯೇ ಇದೆ. ತಂದೆ ಮಗಳ ಹೆಬ್ಬೆರಳನ್ನೂ ಕಿರುಬೆರಳನ್ನೂ ಚಿಮಟದಂತೆ ಹಿಡಿದು ಸಕ್ಕರೆ ತೆಗೆಸುವ ಮನೆಯಾಟವನ್ನು ಅವನು ಕಂಡು ಒಳಗೇ ಕರುಬುತ್ತಾನೆ. ಪ್ರೇಮದ ಬಗ್ಗೆ ಒಂದು ಪದವೂ ಬರುವುದಿಲ್ಲ. ಬೆನ್ನ ಪುಟದ ಪರಿಚಯ ಬರೆದವರು ಈ ಪುಟವನ್ನು ಓದಿದ್ದರೆ ಅಷ್ಟೊಂದು ವಿಶೇಷಣ ಸುರಿಯುತ್ತಿರಲಿಲ್ಲ.

ಥಾರ್ನ್‌ಟನ್ ಏನೂ ಇಲ್ಲದ ಸ್ಥಿತಿಯಿಂದ ಮೇಲೆ ಬಂದವನು. ತಂದೆ ದಿವಾಳಿಯಾಗಿ ಸತ್ತ ಮೇಲೆ ಶಾಲೆ ಬಿಟ್ಟು ಬಟ್ಟೆಯಂಗಡಿಗೆ ಸೇರಿದ ಹುಡುಗನ ವಾರದ ಸಂಪಾದನೆ 15 ಶಿಲಿಂಗ್. ಅದರಲ್ಲಿ ಮನೆ ನಡೆಸಿಯೂ ವಾರಕ್ಕೆ 3 ಶಿಲಿಂಗ್ ಉಳಿಸಿದವಳು ತಾಯಿ. ತಂದೆಯ ಸಾಲವನ್ನು ಅವನು ತೀರಿಸಿದ್ದಾನೆ. ಇಂಥವನಿಗೆ ಬಡವರ ಕಷ್ಟ ಅರ್ಥವಾಗಬೇಕಿತ್ತಲ್ಲ ಎಂದು ಓದುಗನಿಗೆ ಅನ್ನಿಸುತ್ತದೆ; ಆದರೆ ನಡೆಯುವುದು ತಿರುಗುಮುರುಗು. ನಾನು ಏರಿ ಬಂದೆ, ಏರಲಾಗದವರದು ಅವರದೇ ತಪ್ಪು ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿದೆ. ಸ್ವಂತ ದುಡಿಮೆಯಿಂದ ಮೇಲೆ ಬಂದವರ ಈ ಕಾಠಿಣ್ಯವನ್ನು ಗ್ಯಾಸ್ಕೆಲ್ ದೂರಿನ ದನಿಯಿಲ್ಲದೆ ಬಿಡಿಸಿಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಅಂಶ. ಮಾಲೀಕ ಮತ್ತು ಕಾರ್ಮಿಕರ ಸಂಬಂಧದ ಬಗ್ಗೆ ಮಾರ್ಗರೆಟ್ ಮತ್ತು ಅವನ ನಡುವೆ ನಡೆಯುವ ವಾದಗಳೂ ಹಾಗೆಯೇ ಇವೆ. ಕೆಲಸದ ಹೊತ್ತಿನಲ್ಲಿ ತನ್ನ ಮಾತೇ ಅಂತಿಮ, ಕೆಲಸ ಮುಗಿದ ಮೇಲೆ ಅವರ ಬದುಕಿನಲ್ಲಿ ತಲೆಹಾಕುವ ಹಕ್ಕು ತನಗಿಲ್ಲ ಎಂಬ ಅವನ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ. ಮಾರ್ಗರೆಟ್‌ಳ ಉತ್ತರವೂ ಪೂರ್ತಿಯಾಗಿ ಗೆಲ್ಲುವುದಿಲ್ಲ.

ಇನ್ನೊಂದು ಬದಿಯಲ್ಲಿ ಹಿಗಿನ್ಸ್ ಎಂಬ ನೇಕಾರನೂ ಅವನ ಮಗಳು ಬೆಸ್ಸಿಯೂ ಇದ್ದಾರೆ. ಹತ್ತೊಂಬತ್ತರ ಬೆಸ್ಸಿ ಹತ್ತಿ ಹಿಂಜುವ ಕೋಣೆಯಲ್ಲಿ ದುಡಿದು, ಗಾಳಿಯಲ್ಲಿ ಹಾರಾಡುವ ಅರಳೆಯ ನವಿರು ಶ್ವಾಸಕೋಶಕ್ಕೆ ಸೇರಿ ಸಾಯುತ್ತಿದ್ದಾಳೆ. ಆ ನವಿರನ್ನು ಹೊರಕ್ಕೆ ಎಳೆಯುವ ದೊಡ್ಡ ಚಕ್ರವನ್ನು ಕೋಣೆಯ ತುದಿಗೆ ಹಾಕಿಸಬಹುದಿತ್ತು ಎಂದು ಅವಳು ಮಾರ್ಗರೆಟ್‌ಗೆ ವಿವರಿಸುತ್ತಾಳೆ. ಆದರೆ ಅದಕ್ಕೆ 500–600 ಪೌಂಡ್ ಬೇಕು, ಅದರಿಂದ ಲಾಭವಿಲ್ಲ, ಆದ್ದರಿಂದ ಕೆಲವೇ ಮಾಲೀಕರು ಹಾಕಿಸಿದ್ದಾರೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಯಾವ ಸುಧಾರಣಾವಾದಿ ಲೇಖಕರಾದರೂ ಬರೆಯಬಹುದಾದ ಪುಟವಾಗುತ್ತಿತ್ತು. ಗ್ಯಾಸ್ಕೆಲ್ ಮುಂದೆ ಹೋಗುತ್ತಾರೆ. ಚಕ್ರವಿರುವ ಗಿರಣಿಯಲ್ಲಿ ದುಡಿಯಲು ಕೆಲವು ಕಾರ್ಮಿಕರಿಗೇ ಇಷ್ಟವಿಲ್ಲವಂತೆ. ಅರಳೆ ನುಂಗಿ ನುಂಗಿ ಅಭ್ಯಾಸವಾದವರಿಗೆ ಅದಿಲ್ಲದಿದ್ದರೆ ಹಸಿವು ಹೆಚ್ಚುತ್ತದೆ, ಹಾಗಾಗಿ ಅಂಥ ಕಡೆ ಕೂಲಿಯೂ ಹೆಚ್ಚು ಬೇಕು ಎನ್ನುತ್ತಾರೆ. ಸಾಯುತ್ತಿರುವ ಹುಡುಗಿಯ ಬಾಯಲ್ಲಿ ಬರುವ ಈ ವಿವರ ಗಿರಣಿಗಳ ಅರ್ಥಶಾಸ್ತ್ರವನ್ನೂ ಹಸಿವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತದೆ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಮಿಲ್ ಕೆಲಸ ಮಾಡಿದವರ ಮನೆಗಳಲ್ಲಿ ಬೆಳೆದ ಓದುಗರಿಗೆ ಈ ಅಧ್ಯಾಯಗಳಲ್ಲಿ ಪರಕೀಯವಾದದ್ದು ತೀರ ಕಡಿಮೆ ಕಾಣಬಹುದು.

ಮುಷ್ಕರದ ಅಧ್ಯಾಯಗಳು ಕಾದಂಬರಿಯ ನಡುಗಂಬ. ಥಾರ್ನ್‌ಟನ್ ಐರ್ಲೆಂಡಿನಿಂದ ಆಳುಗಳನ್ನು ಕರೆಸಿ ಗಿರಣಿಯೊಳಗೆ ಇಟ್ಟುಕೊಂಡಿದ್ದಾನೆ, ಹಸಿದ ಜನ ಗೇಟು ಮುರಿದು ನುಗ್ಗುತ್ತಾರೆ. ಗಂಡಸಾದರೆ ಕೆಳಗಿಳಿದು ಅವರೊಡನೆ ಮನುಷ್ಯರೊಡನೆ ಮಾತಾಡುವಂತೆ ಮಾತಾಡು ಎಂದು ಅವನನ್ನು ಕೆಣಕಿ ಕಳಿಸಿದವಳೇ ಮಾರ್ಗರೆಟ್. ಗುಂಪಿನ ಹುಡುಗರು ಎಸೆಯಲೆಂದು ಕಾಲಿನ ಮರದ ಪಾದರಕ್ಷೆ ಬಿಚ್ಚುವುದನ್ನು ಕಿಟಕಿಯಿಂದ ಕಂಡು, ತಾನು ಎಂಥ ಅಪಾಯಕ್ಕೆ ಅವನನ್ನು ದೂಡಿದೆನೆಂದು ತಿಳಿದು ಓಡಿಬಂದು ಅಡ್ಡ ನಿಲ್ಲುವವಳೂ ಅವಳೇ. ಕಲ್ಲು ಅವಳ ಹಣೆಗೆ ತಾಗುತ್ತದೆ. ಊರಿಗೆಲ್ಲ ಅದು ಪ್ರೇಮದ ಪುರಾವೆ, ಅವನಿಗೂ ಹಾಗೆಯೇ ಕಾಣುತ್ತದೆ, ಅವಳಿಗೆ ಮಾತ್ರ ಅವಮಾನ. ಮರುದಿನದ ಮದುವೆ ಪ್ರಸ್ತಾಪ ಮತ್ತು ನಿರಾಕರಣೆಯ ದೃಶ್ಯ ಈ ಕಾರಣಕ್ಕೇ ಅಷ್ಟು ಬಿಸಿಯಾಗಿದೆ: ಒಂದು ಸಾರ್ವಜನಿಕ ಕ್ರಿಯೆಯನ್ನು ಖಾಸಗಿಯಾಗಿ ಓದಿದ್ದಕ್ಕೆ ಅವಳು ಸಿಟ್ಟಾಗಿದ್ದಾಳೆ.

ಕಾರ್ಮಿಕ ಸಂಘವನ್ನೂ ಲೇಖಕಿ ಹಾಗೇ ಬಿಡುವುದಿಲ್ಲ. ಸಂಘಕ್ಕೆ ಸೇರದವನೊಡನೆ ಪಕ್ಕದ ಮಗ್ಗದವರು ಮಾತೇ ಆಡದಂತೆ ಮಾಡುವ ಬಹಿಷ್ಕಾರವನ್ನು ಹಿಗಿನ್ಸ್ ಮುಚ್ಚುಮರೆಯಿಲ್ಲದೆ ಹೇಳಿ, ಅದು ಏಕೆ ಅನಿವಾರ್ಯವೆಂದೂ ವಿವರಿಸುತ್ತಾನೆ. ಅದರ ಬೆಲೆ ತೆರುವವನು ಬೌಷರ್, ಕಾಯಿಲೆಯ ಹೆಂಡತಿ ಮತ್ತು ಸಾಲು ಮಕ್ಕಳ ನಡುವೆ ನಲುಗಿದ ಮೆತ್ತಗಿನ ಮನುಷ್ಯ. ಅವನ ಹೆಣ ಕಡೆಗೆ ತೊರೆಯಲ್ಲಿ ಸಿಗುತ್ತದೆ; ಬಣ್ಣದ ಕಾರ್ಖಾನೆಗಳಿಗೆ ಬಳಕೆಯಾದ ಆ ನೀರಿನಿಂದ ಮುಖದ ಚರ್ಮಕ್ಕೆ ಬಣ್ಣ ಹತ್ತಿದೆ. ಹೆಂಡತಿಗೆ ಸುದ್ದಿ ಮುಟ್ಟಿಸಬೇಕು. ಸಂಘದ ಮುಂದಾಳು ಹಿಗಿನ್ಸ್ ಹಿಂಜರಿಯುತ್ತಾನೆ, ಪಾದ್ರಿಯಾಗಿದ್ದ ಹೇಲ್‌ನ ಮೈ ನಡುಗುತ್ತದೆ, ಹೋಗುವವಳು ಮಾರ್ಗರೆಟ್. ಹೆಲ್‌ಸ್ಟನ್ನಿನಲ್ಲಿ ತಂದೆಯ ಸುದ್ದಿಯನ್ನು ತಾಯಿಗೆ ಹೇಳಿದವಳು ಇಲ್ಲಿಯೂ ಅದನ್ನೇ ಮಾಡುತ್ತಾಳೆ.

ಹಿಗಿನ್ಸ್ ಆ ಮಕ್ಕಳನ್ನು ಸಾಕಲು ನಿಶ್ಚಯಿಸಿ, ಕೆಲಸ ಕೇಳಲು ಥಾರ್ನ್‌ಟನ್‌ನ ಬಾಗಿಲಲ್ಲಿ ಐದು ಗಂಟೆ ಕಾಯುತ್ತಾನೆ ಮತ್ತು ಬೈಸಿಕೊಂಡು ಹಿಂತಿರುಗುತ್ತಾನೆ. ಆ ಐದು ಗಂಟೆಯ ಲೆಕ್ಕ ಥಾರ್ನ್‌ಟನ್‌ನನ್ನು ಬಿಡುವುದಿಲ್ಲ. ವಿಚಾರಿಸಿ, ಹೇಳಿದ್ದೆಲ್ಲ ನಿಜವೆಂದು ತಿಳಿದು, ಹಿಗಿನ್ಸ್‌ನ ಮನೆಗೆ ತಾನೇ ನಡೆದುಹೋಗಿ ಕೆಲಸ ಕೊಡುತ್ತಾನೆ. ಮುಂದೆ ಗಿರಣಿಯ ಆವರಣದಲ್ಲಿ ಕಾರ್ಮಿಕರಿಗಾಗಿ ಒಂದು ಅಡುಗೆಮನೆ ಶುರುವಾಗುತ್ತದೆ. ಸಾಮಾನನ್ನು ಸಗಟಿನಲ್ಲಿ ಕೊಳ್ಳುವ ಯೋಚನೆ ಮಾಲೀಕನದು. ಹಿಗಿನ್ಸ್ ಅದನ್ನು ಮೊದಲು ಅಲ್ಲಗಳೆದು, ಸ್ವಲ್ಪ ದಿನಕ್ಕೆ ತನ್ನದೇ ಯೋಚನೆಯೆಂಬಂತೆ ಹೆಚ್ಚುಕಡಿಮೆ ಅದನ್ನೇ ತಂದು ಮುಂದಿಡುತ್ತಾನೆ. ಥಾರ್ನ್‌ಟನ್ ತುಟಿಪಿಟಕ್ಕೆನ್ನದೆ ಒಪ್ಪುತ್ತಾನೆ. ಆಗಾಗ ಅವರೇ ಅವನನ್ನು ಊಟಕ್ಕೆ ಕರೆಯುತ್ತಾರೆ. ಇದರಿಂದ ಮುಷ್ಕರಗಳು ನಿಂತುಹೋಗುತ್ತವೆಯೇ ಎಂದು ಕೊನೆಯಲ್ಲಿ ಸಂಸತ್ ಸದಸ್ಯನೊಬ್ಬ ಕೇಳಿದಾಗ ಅವನು ಇಲ್ಲವೆಂದೇ ಹೇಳುತ್ತಾನೆ. ಮುಷ್ಕರದ ವಿಷ ಸ್ವಲ್ಪ ಇಳಿಯಬಹುದು, ಅಷ್ಟೇ. ಈ ಸಂಯಮದಿಂದಾಗಿ ಕಾದಂಬರಿ ಉಪದೇಶವಾಗುವುದು ತಪ್ಪಿದೆ.

ಹಳ್ಳಿಯೆಂದರೆ ಸ್ವರ್ಗ, ನಗರವೆಂದರೆ ನರಕ ಎಂಬ ಹಳೆಯ ಲೆಕ್ಕವನ್ನೂ ಗ್ಯಾಸ್ಕೆಲ್ ಮುರಿಯುತ್ತಾರೆ. ದಕ್ಷಿಣಕ್ಕೆ ಹೋಗಿ ಕೂಲಿ ಹುಡುಕುತ್ತೇನೆಂದ ಹಿಗಿನ್ಸ್‌ಗೆ ಬೇಡವೆನ್ನುವವಳು ಮಾರ್ಗರೆಟ್‌ಳೇ. ಅಲ್ಲಿನ ಹೊಲದ ದುಡಿಮೆ ಮೈಯನ್ನು ಮಾತ್ರವಲ್ಲ, ಮಾತನ್ನೂ ಯೋಚನೆಯನ್ನೂ ಕೊಲ್ಲುತ್ತದೆಂದು ಎಚ್ಚರಿಸುತ್ತಾಳೆ. ವರ್ಷಗಳ ಮೇಲೆ ಹೆಲ್‌ಸ್ಟನ್ನಿಗೆ ಹೋದಾಗ, ಮಾಟಕ್ಕಾಗಿ ನೆರೆಯವಳ ಬೆಕ್ಕನ್ನು ಕದ್ದು ಜೀವಂತ ಸುಟ್ಟ ಕಥೆ ಕೇಳಿಬರುತ್ತದೆ. ಗುಲಾಬಿಗಳ ಊರಿನಲ್ಲೇ ಇದು ನಡೆದಿದೆ.

ಕುಂದುಗಳಿಲ್ಲದ ಕಾದಂಬರಿಯಲ್ಲ. ಸಾವುಗಳು ಅತಿಯಾದವು. ಇದಕ್ಕೆ ‘ಸಾವು ಮತ್ತು ಅದರ ಬಗೆಗಳು’ ಎಂಬರ್ಥದ ಹೆಸರು ಇಡಬಹುದೆಂದು ಲೇಖಕಿಯೇ ಡಿಕನ್ಸ್‌ಗೆ ತಮಾಷೆಯಾಗಿ ಬರೆದಿದ್ದರು. ಕೊನೆಯ ಮೂರನೇ ಒಂದು ಭಾಗ ಓದುವಾಗ ಅದು ತಮಾಷೆಯೆನಿಸುವುದಿಲ್ಲ. ಐರ್ಲೆಂಡಿನ ಆಳುಗಳು ಗಿರಣಿಯ ಮೂಲೆಯಲ್ಲಿ ಹೆದರಿ ಮುದುಡಿ ಕೂತಿರುತ್ತಾರೆ, ಅವರಿಗೆ ಹೆಸರಿಲ್ಲ, ಮಾತಿಲ್ಲ. ಮೊದಲ ಅಧ್ಯಾಯದಲ್ಲಿ ಲಂಡನ್ನಿನ ದಿವಾನಖಾನೆಯಲ್ಲಿ ಭಾರತದ ಶಾಲುಗಳನ್ನು ಮಾರ್ಗರೆಟ್‌ಳ ಹೆಗಲ ಮೇಲೆ ಹರಡಿ, ಅವುಗಳ ಪರಿಮಳವನ್ನೂ ಮೃದುತ್ವವನ್ನೂ ಸವಿಯುವ ಸೊಗಸಾದ ದೃಶ್ಯವಿದೆ. ಶಾಲಾಗಲಿ ಗಿರಣಿಯ ಅರಳೆಯಾಗಲಿ ಸಾಗರದಾಚೆ ಯಾರ ಕೈಯಿಂದ ಬಂತೆಂಬ ಕಡೆಗೆ ಕಾದಂಬರಿ ಕಣ್ಣು ಹಾಯಿಸುವುದಿಲ್ಲ. ಮಾರ್ಗರೆಟ್‌ಗೆ ಹಣ ಬರುವುದೂ ತಂದೆಯ ಗೆಳೆಯನ ಉಯಿಲಿನಿಂದ, ಬೇಕಾದ ಹೊತ್ತಿಗೆ ಸರಿಯಾಗಿ. ಆದರೂ ಆ ಹಣವನ್ನು ಬಳಸಿದ ರೀತಿ ಚೆನ್ನಾಗಿದೆ: ಬ್ಯಾಂಕಿನಲ್ಲಿ ಎರಡೂವರೆ ಪರ್ಸೆಂಟ್ ಬಡ್ಡಿಗೆ ಬಿದ್ದಿರುವ 18,057 ಪೌಂಡನ್ನು, ವ್ಯಾಪಾರ ಕುಸಿದು ಗಿರಣಿ ಕೈಬಿಡಬೇಕಾಗಿ ಬಂದ ಥಾರ್ನ್‌ಟನ್ ತೆಗೆದುಕೊಂಡರೆ ತನಗೆ ಹೆಚ್ಚು ಬಡ್ಡಿ ಸಿಗುತ್ತದೆಂದು ಅವಳು ತಡವರಿಸುತ್ತ ವ್ಯವಹಾರದ ಮಾತಾಡುತ್ತಾಳೆ. ಇಷ್ಟು ಲೆಕ್ಕಾಚಾರದ ಪ್ರೇಮನಿವೇದನೆಯನ್ನು ನಾನು ಬೇರೆಲ್ಲೂ ಓದಿಲ್ಲ. 2004ರ ಬಿಬಿಸಿ ಧಾರಾವಾಹಿಯಲ್ಲಿ ಈ ಕೊನೆ ರೈಲು ನಿಲ್ದಾಣಕ್ಕೆ ಹೋಗಿದೆ. ಅದನ್ನು ನೋಡಿ ಪುಸ್ತಕಕ್ಕೆ ಬರುವವರು ನಿಲ್ದಾಣವನ್ನು ಹುಡುಕಬಾರದು, ಕಾದಂಬರಿ ಮುಗಿಯುವುದು ಲಂಡನ್ನಿನ ಮನೆಯ ಕೋಣೆಯಲ್ಲಿ.

ಇನ್ನು ಈ ಮುದ್ರಣ. ಕಾಗದ ತುಸು ಹಳದಿ, ತೆಳುವಾದರೂ ಹಿಂಬದಿಯ ಅಕ್ಷರ ಮೂಡುವಷ್ಟಲ್ಲ. ಅಂಟಿನ ಬೈಂಡು ಪೂರ್ತಿ ಬಿಚ್ಚಿದರೂ ಹಾಳೆ ಕಳಚಲಿಲ್ಲ. ಅಕ್ಷರ ಚಿಕ್ಕದು, ಒಳ ಅಂಚು ಇಕ್ಕಟ್ಟು. ಮುಖ್ಯ ದೂರು ಪಠ್ಯವನ್ನು ಸಿದ್ಧಪಡಿಸಿದ ಬಗೆಯ ಮೇಲೆ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಪ್ರತಿಯನ್ನೇ ಎತ್ತಿ ಪುಟಕ್ಕೆ ಕೂರಿಸಿದ್ದಾರೆಂಬುದಕ್ಕೆ ಗುರುತುಗಳು ಉಳಿದಿವೆ: ಓರೆಯಕ್ಷರದಲ್ಲಿ ಬರಬೇಕಿದ್ದ ಪದಗಳ ಎರಡೂ ಬದಿಗೆ ಅಡಿಗೆರೆಗಳು ಹಾಗೆಯೇ ನಿಂತಿವೆ, ಹಿಗಿನ್ಸ್‌ನ ಮಾತಿನಲ್ಲಿ ಲೋಪಚಿಹ್ನೆಗಳು (ಅಪಾಸ್ಟ್ರಫಿ) ತಲೆಕೆಳಗಾಗಿವೆ, ಅಧ್ಯಾಯಗಳ ತಲೆಯ ಮೇಲಿನ ಕಾವ್ಯದ ಸಾಲುಗಳು ಗದ್ಯದೊಂದಿಗೆ ಬೆರೆತುಹೋಗಿವೆ. 1855ರ ಪುಸ್ತಕಾವೃತ್ತಿಗೆ ಲೇಖಕಿ ಬರೆದ ಚಿಕ್ಕ ಟಿಪ್ಪಣಿಯನ್ನು ಕೈಬಿಟ್ಟಿರುವುದು ಇದಕ್ಕಿಂತ ದೊಡ್ಡ ಲೋಪ. ವಾರಪತ್ರಿಕೆಯ ಇಕ್ಕಟ್ಟಿಗೆ ಕಥೆ ಕೊನೆಯಲ್ಲಿ ಧಾವಿಸಬೇಕಾಯಿತು, ಆದ್ದರಿಂದ ಪುಸ್ತಕದಲ್ಲಿ ಕೆಲವು ಅಧ್ಯಾಯಗಳನ್ನು ಸೇರಿಸಿದ್ದೇನೆ ಎಂದು ಅದರಲ್ಲಿ ಅವರು ಹೇಳಿದ್ದಾರೆ. ಅದನ್ನು ಓದದವರಿಗೆ ಕೊನೆಯ ಭಾಗದ ಅವಸರ ಲೇಖಕಿಯ ಅಶಕ್ತಿಯಂತೆ ಕಾಣುತ್ತದೆ.

ಲ್ಯಾಂಕಶೈರಿನ ಆಡುನುಡಿಗೆ ಪದಕೋಶವಿಲ್ಲದಿರುವುದು ಇನ್ನೊಂದು ಕೊರತೆ. ಹಿಗಿನ್ಸ್ ಮತ್ತು ಬೆಸ್ಸಿಯ ಮಾತು ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಮೊದಲ ಅಧ್ಯಾಯಗಳಲ್ಲಿ ತೊಡಕಾಗುತ್ತದೆ. ಕಥೆಯೊಳಗೇ ಈ ತೊಡಕಿನ ಬಗ್ಗೆ ಒಂದು ತಮಾಷೆಯಿದೆ: ಮಗಳ ಬಾಯಲ್ಲಿ ಗಿರಣಿ ಊರಿನ ಪದಗಳು ಬರುತ್ತಿವೆಯೆಂದು ತಾಯಿ ಮುಖ ಸಿಂಡರಿಸಿದಾಗ, ಕಾರ್ಖಾನೆಯ ಊರಿನಲ್ಲಿದ್ದ ಮೇಲೆ ಕಾರ್ಖಾನೆಯ ಮಾತು ಆಡಲೇಬೇಕಲ್ಲ ಎಂದು ಮಾರ್ಗರೆಟ್ ನಗುತ್ತಾಳೆ. ಈ ಪ್ರಕಾಶಕರ ಓದುಗರಿಗೆ ಮಾತ್ರ ಆ ಮಾತನ್ನು ಕಲಿಸುವವರು ಯಾರೂ ಇಲ್ಲ.

ಕಾಲೇಜಿನಲ್ಲಿ ಪಠ್ಯವಾಗಿ ಓದುವವರು, ಪಾಠ ಮಾಡುವವರು ಸ್ವಲ್ಪ ಹೆಚ್ಚು ಹಣ ಕೊಟ್ಟು ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆಯ ಪೆಟ್ರೀಷಿಯಾ ಇಂಗಮ್ ಸಂಪಾದನೆಯ ಪ್ರತಿಯನ್ನೋ, ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಮಾಲೆಯಲ್ಲಿ ಆಂಗಸ್ ಈಸನ್ ಸಂಪಾದಿಸಿದ ಪ್ರತಿಯನ್ನೋ ಕೊಳ್ಳುವುದು ಮೇಲು, ಎರಡರಲ್ಲೂ ಟಿಪ್ಪಣಿಗಳಿವೆ. ಬಸ್ಸಿನಲ್ಲಿ, ರೈಲಿನಲ್ಲಿ ಓದಲು ಒಂದು ಪ್ರತಿ ಸಾಕೆನ್ನುವವರಿಗೆ ಈ ಅಗ್ಗದ ಮುದ್ರಣ ನಡೆಯುತ್ತದೆ, ಒಂದು ಪದವೂ ಕಡಿತವಾಗದ ಕಾದಂಬರಿ ಈ ಬೆಲೆಗೆ ಸಿಗುವುದು ಸಣ್ಣ ಮಾತಲ್ಲ. ಮುಂದಿನ ಮುದ್ರಣಕ್ಕೆ ಪ್ರಕಾಶಕರು ಲೇಖಕಿಯ ಆ ಟಿಪ್ಪಣಿಯನ್ನೂ ಎರಡು ಪುಟಗಳ ಪದಕೋಶವನ್ನೂ ಸೇರಿಸಿ, ಅಡಿಗೆರೆಗಳನ್ನು ಅಳಿಸಿ, ಐವತ್ತು ರೂಪಾಯಿ ಹೆಚ್ಚಿಸಿದರೂ ಕೊಳ್ಳುವವರು ಗೊಣಗಲಾರರು. ಹೊದಿಕೆಯ ಮೇಲೆ ಒಂದು ಗಿರಣಿಯ ಚಿಮಣಿಯನ್ನಾದರೂ ಬರೆಸಲಿ.